ಆಳು ಸಿಗದ ಊರು, ಕೆಲಸ ಸಿಗದ ಊರು

ಅಕ್ಟೋಬರ್ ತಿಂಗಳಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್, ಬಸವಕಲ್ಯಾಣ ತಾಲ್ಲೂಕುಗಳ ಹಳ್ಳಿಗಳಲ್ಲಿ ಎರಡು ದೂರು ಒಟ್ಟಿಗೇ ಕೇಳಿಬರುತ್ತವೆ. ಸೋಯಾ ಕೊಯ್ಯಲು ಆಳು ಸಿಗುತ್ತಿಲ್ಲ ಎನ್ನುವುದು ಒಂದು. ಓದಿದ ಹುಡುಗರಿಗೆ ಕೆಲಸ ಸಿಗುತ್ತಿಲ್ಲ ಎನ್ನುವುದು ಇನ್ನೊಂದು. ಎಷ್ಟೋ ಸಲ ಎರಡನ್ನೂ ಹೇಳುವವರು ಒಬ್ಬರೇ. ಹೊಲದಲ್ಲಿ ನಿಂತಾಗ ಮೊದಲನೆಯದು, ಮನೆಗೆ ಬಂದು ಮಗನ ಮುಖ ನೋಡಿದಾಗ ಎರಡನೆಯದು. ಸಭೆ ಸಮಾರಂಭಗಳಲ್ಲಿ ಮೊದಲ ದೂರಿಗೆ ಯಂತ್ರದ ಸಬ್ಸಿಡಿ ಎಂಬ ಉತ್ತರ ಸಿಗುತ್ತದೆ, ಎರಡನೆಯದಕ್ಕೆ ಕೈಗಾರಿಕಾ ಪ್ರದೇಶ ಎಂಬ ಭರವಸೆ. ಎರಡನ್ನೂ ಒಂದೇ ಗಂಟು ಎಂದು ಬಿಚ್ಚಿ ನೋಡಿದವರು ಕಡಿಮೆ.

ಇಪ್ಪತ್ತು ವರ್ಷಗಳಲ್ಲಿ ಈ ಭಾಗದ ಕೂಲಿ ಏರಿದೆ, ಅದರಲ್ಲಿ ಅನುಮಾನವಿಲ್ಲ. ಏರಿಸಿದ್ದು ಮುಖ್ಯವಾಗಿ ಹೈದರಾಬಾದ್, ಪುಣೆ, ಮುಂಬೈಗಳ ಕಟ್ಟಡ ಕೆಲಸ. ಜೊತೆಗೆ ಸರ್ಕಾರದ ಒಂದೆರಡು ಕಾಯ್ದೆಗಳು. ಇಲ್ಲಿಯ ಕಾರ್ಖಾನೆಗಳ ಪಾಲು ಸಣ್ಣದು. ಕೈಗಾರಿಕೆ ಬಂದು ಕೂಲಿ ಏರುವುದೇ ಬೇರೆ, ಜನ ಊರು ಬಿಟ್ಟು ಕೂಲಿ ಏರುವುದೇ ಬೇರೆ. ಪಟ್ಟಿಯಲ್ಲಿ ಎರಡೂ ಒಂದೇ ಅಂಕಿಯಾಗಿ ಕಾಣುತ್ತವೆ. ಊರಿಗೆ ದಕ್ಕುವುದು ಮಾತ್ರ ಒಂದೇ ಅಲ್ಲ.

ಈ ವಿಷಯದ ಚರ್ಚೆ ಎಲ್ಲಿ ಆರಂಭವಾದರೂ ಒಂದು ಹೆಸರನ್ನು ದಾಟಿ ಹೋಗಲಾಗದು. ಸೇಂಟ್ ಲೂಸಿಯಾ ದ್ವೀಪದಲ್ಲಿ ಹುಟ್ಟಿ ಮ್ಯಾಂಚೆಸ್ಟರ್‌ನಲ್ಲಿ ಪಾಠ ಹೇಳುತ್ತಿದ್ದ ಆರ್ಥರ್ ಲೂಯಿಸ್ 1954ರಲ್ಲಿ ಒಂದು ಪ್ರಬಂಧ ಬರೆದರು. ಬಡ ದೇಶಗಳ ಹೊಲಗಳಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಜನ ಇದ್ದಾರೆ. ಒಂದಷ್ಟು ಜನ ಎದ್ದು ಹೋದರೂ ಬೆಳೆ ಕಡಿಮೆಯಾಗದು. ಹೊಟ್ಟೆಪಾಡಿಗಿಂತ ಚೂರು ಹೆಚ್ಚು ಕೊಟ್ಟರೆ ಅವರು ಕಾರ್ಖಾನೆಗೆ ಬರುತ್ತಾರೆ. ಆ ಕೂಲಿ ಬಹುಕಾಲ ಏರುವುದಿಲ್ಲವಾದ್ದರಿಂದ ಮಾಲೀಕನ ಲಾಭ ಬೆಳೆಯುತ್ತದೆ, ಲಾಭದಿಂದ ಇನ್ನೊಂದು ಕಾರ್ಖಾನೆ ಏಳುತ್ತದೆ. ಕೊನೆಗೊಂದು ದಿನ ಹಳ್ಳಿಯಲ್ಲಿ ಹೆಚ್ಚುವರಿ ಕೈಗಳು ಮುಗಿಯುತ್ತವೆ. ಅಲ್ಲಿಂದ ಮುಂದೆ ಹೊಲದ ಕೂಲಿಯೂ ಕಾರ್ಖಾನೆಯ ಪಗಾರವೂ ಕೂಡಿ ಏರುತ್ತವೆ. ಲೂಯಿಸ್ ತಿರುವು ಎಂದು ಕರೆಯುವುದು ಈ ಘಟ್ಟವನ್ನು. ದಕ್ಷಿಣ ಕೊರಿಯಾ ಇದನ್ನು ದಾಟಿತು. ಚೀನಾದ ಪರ್ಲ್ ನದಿ ಮುಖಜಭೂಮಿಯ ಕಾರ್ಖಾನೆಗಳಿಗೆ 2004ರ ಹೊತ್ತಿಗೆ ಕೆಲಸಗಾರರು ಸಾಲದೆ ಬಂದಾಗ, ಅಲ್ಲಿಯೂ ತಿರುವು ಬಂತೇ ಎಂಬ ವಾದ ಶುರುವಾಯಿತು.

ಲೂಯಿಸ್‌ಗೆ 1979ರ ನೊಬೆಲ್ ಬಂತು. ತಮಾಷೆಯೆಂದರೆ ಅದನ್ನು ಅವರ ಜೊತೆ ಹಂಚಿಕೊಂಡ ಥಿಯೊಡರ್ ಶುಲ್ಟ್ಸ್ ಈ ಹೆಚ್ಚುವರಿ ಕೈಗಳ ಮಾತನ್ನೇ ಒಪ್ಪದವರು. ಅವರು ಸಾಕ್ಷಿಗೆ ಕರೆದದ್ದು ಭಾರತವನ್ನು. 1918ರ ಇನ್‌ಫ್ಲುಯೆಂಜಾದಲ್ಲಿ ಇಲ್ಲಿಯ ಹೊಲಗಳ ದುಡಿಯುವ ಜನರಲ್ಲಿ ನೂರಕ್ಕೆ ಎಂಟರಷ್ಟು ಮಂದಿ ಕಡಿಮೆಯಾದರು, ಬಿತ್ತಿದ ಜಮೀನೂ ಕಡಿಮೆಯಾಯಿತು. ಅಂದಮೇಲೆ ಯಾರೂ ಹೆಚ್ಚುವರಿಯಾಗಿರಲಿಲ್ಲ ಎಂದು ಅವರು ವಾದಿಸಿದರು. ಅಮರ್ತ್ಯ ಸೇನ್ ಇದಕ್ಕೆ ಆಕ್ಷೇಪ ಎತ್ತಿದರು. ಮನೆಯಿಂದ ಒಬ್ಬ ಮಗ ಪಟ್ಟಣಕ್ಕೆ ಹೋದರೆ ಉಳಿದವರು ಅವನ ಪಾಲಿನ ಕೆಲಸ ಹಂಚಿಕೊಳ್ಳುತ್ತಾರೆ. ಜ್ವರಕ್ಕೆ ಇಡೀ ಮನೆಯೇ ಸಿಕ್ಕರೆ ಹಂಚಿಕೊಳ್ಳಲು ಯಾರಿರುತ್ತಾರೆ? ವಾದದ ಗೆಲುವು ಯಾರದ್ದೇ ಇರಲಿ, ಸೇನ್ ಅವರ ಮಾತಿನಲ್ಲಿ ಬೀದರ್ ಜಿಲ್ಲೆಗೆ ಬೇಕಾದದ್ದೊಂದಿದೆ. ಒಬ್ಬರು ಹೋದಾಗ ಅವರ ಕೆಲಸ ಯಾರ ಹೆಗಲಿಗೆ ಬೀಳುತ್ತದೆ ಎಂಬುದನ್ನು ಬಿಟ್ಟು ಆಳಿನ ಕೊರತೆಯ ಮಾತಾಡುವುದು ವ್ಯರ್ಥ.

ಲೂಯಿಸ್‌ರ ಚಿತ್ರದಲ್ಲಿ ಇನ್ನೊಂದು ಸಂಗತಿ ಕಾಣೆಯಾಗಿದೆ. ಹೊಲದಲ್ಲಿ ಅಗ್ಗದ ಆಳು ಯಥೇಚ್ಛ ಇದ್ದದ್ದು ಜನಸಂಖ್ಯೆಯ ಕಾರಣಕ್ಕೆ ಮಾತ್ರವೇ? ಹುಮನಾಬಾದ್, ಬಸವಕಲ್ಯಾಣ ಎರಡೂ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಸಂಸ್ಥಾನದಲ್ಲಿದ್ದವು. ಜಾಗೀರುಗಳು ರದ್ದಾದದ್ದು 1949ರಲ್ಲಿ, ಮೈಸೂರು ರಾಜ್ಯ ಸೇರಿದ್ದು 1956ರಲ್ಲಿ. ಮದುವೆಗೋ ಕಾಯಿಲೆಗೋ ಸಾಲ ತೆಗೆದು, ಅದನ್ನು ತೀರಿಸಲು ಯುಗಾದಿಯಿಂದ ಯುಗಾದಿಗೆ ಒಂದೇ ಮನೆಯಲ್ಲಿ ದುಡಿಯುವ ಆಳುಗಳು ಈ ಸೀಮೆಯ ಬೇಸಾಯದ ಬೆನ್ನೆಲುಬಾಗಿದ್ದರು. ಬಹುಪಾಲು ಆಳುಗಳು ಹೊಲೆಯ, ಮಾದಿಗ ಕೇರಿಗಳವರು. ಸಾಲವೂ ಜಾತಿಯೂ ಕೂಡಿ ಹಿಡಿದಿಟ್ಟ ಕೈಗಳನ್ನು ಅರ್ಥಶಾಸ್ತ್ರಜ್ಞರು ಹೆಚ್ಚುವರಿ ಎಂದು ಎಣಿಸಿದರು. ಜೀತ ನಿಷೇಧ ಕಾಯ್ದೆ 1976ರಲ್ಲಿ ಬಂದರೂ ಹಿಡಿತ ಸಡಿಲಿದ್ದು ಕಾಯ್ದೆಗಿಂತ ಹೆಚ್ಚಾಗಿ ಬಸ್ಸಿನಿಂದ. ಊರಿಂದಾಚೆ ಕೆಲಸವಿದೆ ಎಂದು ಗೊತ್ತಾದ ಆಳು ಮುಂದಿನ ಯುಗಾದಿಗೆ ಹಿಂದಿನ ದರಕ್ಕೆ ಒಪ್ಪಲಿಲ್ಲ. ಕೂಲಿ ಏರಿಕೆಯ ಕಥೆಯ ಮೊದಲ ಅಧ್ಯಾಯ ಇದು. ದೊಡ್ಡ ಹಿಡುವಳಿದಾರರ ಗೊಣಗಾಟದಲ್ಲಿ ಇದರ ನೆನಪು ಇನ್ನೂ ಇದೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ಹೊರಗೆ ಹೋಗುವುದು ಇಲ್ಲಿ ಹೊಸತಲ್ಲ. ಸೊಲ್ಲಾಪುರದ ಹಳೇ ಗಿರಣಿ 1877ರದ್ದು. ಅಲ್ಲಿಂದಾಚೆಗೆ ಗಡಿಯ ಕನ್ನಡ ಸೀಮೆಯ ಜನ ಆ ಊರಿನ ಗಿರಣಿಗಳಿಗೆ, ಮುಂದೆ ಮುಂಬೈಗೆ ಹೋಗಿದ್ದಾರೆ. 1972ರ ಬರ ದಖ್ಖನಿನ ಈ ಭಾಗದಲ್ಲಿ ಸಂಸಾರ ಸಮೇತ ಹೊರಡುವುದನ್ನು ಮಾಮೂಲು ಮಾಡಿತು. ಪಕ್ಕದ ಮಹಾರಾಷ್ಟ್ರ ಅದೇ ಬರದ ಒತ್ತಡದಲ್ಲಿ ಉದ್ಯೋಗ ಖಾತರಿ ಯೋಜನೆ ತಂದಿತು, ನಂತರ ಕಾಯ್ದೆಯನ್ನೂ ಮಾಡಿತು. ಕರ್ನಾಟಕದಲ್ಲಿ ಅಂಥದ್ದಕ್ಕಾಗಿ ಮೂರು ದಶಕ ಕಾಯಬೇಕಾಯಿತು. ಮುಂಬೈ ಗಿರಣಿಗಳು 1982ರ ಮುಷ್ಕರದ ನಂತರ ಒಂದೊಂದಾಗಿ ಮುಚ್ಚಿದವು. ಜನ ಹೋಗುವುದು ನಿಲ್ಲಲಿಲ್ಲ, ಹೋಗಿ ಮಾಡುವ ಕೆಲಸ ಬದಲಾಯಿತು. ಪಾಳಿ, ಪಾಸ್‌ಬುಕ್, ಯೂನಿಯನ್ ಇದ್ದ ಗಿರಣಿಯ ಬದಲು ಸಿಮೆಂಟು, ಸಲಾಕೆ, ಠೇಕೇದಾರ. ತಾಂಡಾಗಳಿಂದ ಮಾತ್ರ ಇನ್ನೊಂದು ದಾರಿ: ದೀಪಾವಳಿ ಆಸುಪಾಸಿಗೆ ಮುಕಾದಮನಿಂದ ಮುಂಗಡ ಹಿಡಿದು, ಗಂಡ ಹೆಂಡತಿ ಸೇರಿ ಒಂದು ಕೋಯ್ತಾ ಎಂದು ಲೆಕ್ಕ ಬರೆಸಿ, ಕಬ್ಬು ಕಡಿಯಲು ಹೊರಡುವುದು. ಹೊಲದ ಸಾಲದಿಂದ ಬಿಡಿಸಿಕೊಂಡವರು ಹೀಗೆ ಕಾರ್ಖಾನೆಯ ಮುಂಗಡದಲ್ಲಿ ಸಿಕ್ಕಿಕೊಂಡರು.

ಇಲ್ಲೊಂದು ಮಾತು ಹೇಳದೆ ಇರಲಾರೆ. ಬಸವಕಲ್ಯಾಣದಲ್ಲಿ ಯಾವ ಭಾಷಣವೂ ಕಾಯಕದ ಹೊಗಳಿಕೆ ಇಲ್ಲದೆ ಮುಗಿಯುವುದಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣ ದುಡಿಯುವವರನ್ನು ದೂರದಿಂದ ಎಳೆದುಕೊಳ್ಳುತ್ತಿದ್ದ ಊರು ಎಂಬುದನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಅಕ್ಕಿ ಆಯುತ್ತಿದ್ದ ಮಾರಯ್ಯ, ಲಕ್ಕಮ್ಮ ಬಂದದ್ದು ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ. ಸೌದೆ ಮಾರುತ್ತಿದ್ದ ಮೋಳಿಗೆಯ ಮಾರಯ್ಯ ಕಾಶ್ಮೀರದಿಂದ ಬಂದವನೆಂಬುದು ನಂಬಿಕೆ. ಇಂದು ಅದೇ ಕಲ್ಯಾಣದ ಸುತ್ತಲಿನ ಹಳ್ಳಿಗಳವರು ಪುಣೆಯ ಬಸ್ಸು ಹಿಡಿಯುತ್ತಾರೆ. ಕಾಯಕವನ್ನು ಹೊಗಳುವುದು ಸುಲಭ, ಅದರ ಕೂಲಿ ಎಷ್ಟು ಎಂಬ ಪ್ರಶ್ನೆ ವೇದಿಕೆ ಏರುವುದು ಕಷ್ಟ.

ಕೂಲಿಯ ದೊಡ್ಡ ಜಿಗಿತ ಬಂದದ್ದು ಎರಡು ಸಾವಿರದ ಇಸವಿಯ ನಂತರ. ಒಂದು ಕಾರಣ ರಸ್ತೆಯದು. ಸೊಲ್ಲಾಪುರ–ಹೈದರಾಬಾದ್ ನಡುವಿನ ಸುಮಾರು 300 ಕಿ.ಮೀ. ಹೆದ್ದಾರಿಯ ಮಧ್ಯಭಾಗದಲ್ಲಿ ಈ ಎರಡು ತಾಲ್ಲೂಕುಗಳಿವೆ. ಮೊದಲು ರಾಷ್ಟ್ರೀಯ ಹೆದ್ದಾರಿ 9, ಈಗ 65. ಹೈದರಾಬಾದಿನ ಪಶ್ಚಿಮ ಅಂಚು, ಅಂದರೆ ಪಟಾಂಚೆರು, ಗಚ್ಚಿಬೌಲಿ ಕಡೆ, ಕಟ್ಟಡಗಳು ಏಳತೊಡಗಿದಾಗ ಇಲ್ಲಿಂದ ಹೊರಟ ಕೂಲಿಯವನು ಮಧ್ಯಾಹ್ನದೊಳಗೆ ಸೈಟು ಮುಟ್ಟಬಹುದಿತ್ತು. ಕನ್ನಡ, ಮರಾಠಿ, ದಖ್ಖನಿ, ತೆಲುಗು ನಾಲ್ಕೂ ಕಿವಿಗೆ ಬಿದ್ದು ಬೆಳೆದ ಜನಕ್ಕೆ ಭಾಷೆಯ ಭಯವಿಲ್ಲ. ಮೊಬೈಲ್ ಬಂದ ಮೇಲೆ ಸೈಟಿನ ದರ ಹಳ್ಳಿಯ ಕಟ್ಟೆಗೆ ಅದೇ ದಿನ ಬಂದು ಮುಟ್ಟತೊಡಗಿತು. ಊರಿನ ಕೂಲಿ ದರಕ್ಕೆ ಹೈದರಾಬಾದ್ ದರವೇ ಅಳತೆಗೋಲಾಯಿತು.

ಎರಡನೆಯದು ಉದ್ಯೋಗ ಖಾತರಿ. 2006ರ ಫೆಬ್ರುವರಿ 2ರಂದು ದೇಶದ 200 ಜಿಲ್ಲೆಗಳಲ್ಲಿ ಯೋಜನೆ ಆರಂಭವಾದಾಗ ಕರ್ನಾಟಕದಿಂದ ಸೇರಿದ್ದ ಐದು ಜಿಲ್ಲೆಗಳಲ್ಲಿ ಬೀದರ್ ಒಂದು. ವರ್ಷಕ್ಕೆ 100 ದಿನ ಎಂಬುದು ಕಾಗದದ ಮಾತಾಗಿತ್ತು. ಅಷ್ಟು ದಿನ ಸಿಕ್ಕ ಮನೆಗಳು ಕಡಿಮೆ. ಆದರೂ ಅದು ಮಾಡಿದ ಕೆಲಸ ದಿನಗಳ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಗಂಡಸಿಗೂ ಹೆಂಗಸಿಗೂ ಒಂದೇ ದರ ಎಂದು ಪಂಚಾಯಿತಿಯ ಬೋರ್ಡಿನ ಮೇಲೆ ಬರೆದದ್ದನ್ನು ಕಂಡ ಹೆಂಗಸರು ಕಳೆ ತೆಗೆಯುವ ಕೂಲಿಗೆ ಚೌಕಾಸಿ ಶುರು ಮಾಡಿದರು. ಕರ್ನಾಟಕದಲ್ಲಿ ಈ ದರ 2020ರಲ್ಲಿ 275 ರೂಪಾಯಿ, 2023ರಲ್ಲಿ 316, 2025ರಲ್ಲಿ 370. ಸುಗ್ಗಿಯ ದಿನಗಳಲ್ಲಿ ಗಂಡಾಳಿನ ಪೇಟೆ ದರ ಇದನ್ನು ಮೀರಿ ಹೋಗುತ್ತದೆ. ಉಳಿದ ದಿನಗಳಲ್ಲಿ ಹೆಣ್ಣಾಳಿಗೆ ಇಷ್ಟು ಕೊಡುವ ಹೊಲ ಅಪರೂಪ.

ಈ ಎರಡರಲ್ಲಿ ಯಾವುದು ದೊಡ್ಡದು? ಖಾತರಿ ಯೋಜನೆಯೇ ಬೇಸಾಯದ ಕೂಲಿ ಏರಿಸಿತು ಎಂಬ ಮಾತು ರೈತ ಸಭೆಗಳಲ್ಲಿ ಸಾಮಾನ್ಯ. ನನಗೆ ಕಟ್ಟಡ ಕೆಲಸವೇ ದೊಡ್ಡದೆನಿಸುತ್ತದೆ, ಕಾರಣ ಕಾಲದ್ದು. ದೇಶದ ಹಳ್ಳಿಗಳಲ್ಲಿ ಬೆಲೆ ಏರಿಕೆ ಕಳೆದ ಮೇಲೂ ಕೂಲಿ ಚೆನ್ನಾಗಿ ಏರಿದ್ದು ಸುಮಾರು 2007–08ರಿಂದ 2013–14ರ ನಡುವೆ. ಅವು ನಗರಗಳಲ್ಲಿ ಕಟ್ಟಡ ಕೆಲಸ ಉಬ್ಬಿದ ವರ್ಷಗಳು. ಉಬ್ಬರ ಇಳಿದ ನಂತರ ಖಾತರಿ ಯೋಜನೆ ಇದ್ದರೂ ನಿಜಕೂಲಿ ನಿಂತಲ್ಲೇ ನಿಂತಿತು. ಕೈಗೆ ಬರುವ ನೋಟು ಹೆಚ್ಚಾಯಿತು, ಎಣ್ಣೆ, ಬೇಳೆ, ಆಸ್ಪತ್ರೆ ಅದನ್ನು ತಿಂದವು. ರಿಸರ್ವ್ ಬ್ಯಾಂಕಿನ ಕೈಪಿಡಿಯ ಪ್ರಕಾರ 2022–23ರಲ್ಲಿ ಕೇರಳದ ಗಂಡು ಕೃಷಿ ಕೂಲಿಯ ದಿನದ ದರ ಸುಮಾರು 764 ರೂಪಾಯಿ, ದೇಶದ ಸರಾಸರಿ 346, ಮಧ್ಯಪ್ರದೇಶದಲ್ಲಿ 229. ಒಂದೇ ದೇಶದಲ್ಲಿ ಮೂರು ಪಟ್ಟಿಗೂ ಮೀರಿದ ಅಂತರ. ಕೇರಳದಲ್ಲಿ ಕೂಲಿ ಅಷ್ಟಾದದ್ದು ಅಲ್ಲಿ ಕಾರ್ಖಾನೆಗಳು ಎದ್ದದ್ದರಿಂದಲ್ಲ. ಗಲ್ಫ್, ಶಾಲೆ, ಸಂಘಟನೆ ಇವುಗಳಿಂದ. ಕೂಲಿ ಏರಿದ ಕಡೆಯಲ್ಲೆಲ್ಲ ಕೈಗಾರಿಕೆ ಬಂದಿದೆ ಎಂದುಕೊಳ್ಳುವವರು ಕೇರಳವನ್ನು ಒಮ್ಮೆ ನೋಡಬೇಕು.

ಪುಕ್ಕಟೆ ಅಕ್ಕಿ ಕೊಟ್ಟು ಜನರನ್ನು ಸೋಮಾರಿ ಮಾಡಿದರು ಎಂಬ ವಾದವೂ ಇದೆ. ಅದಕ್ಕೆ ಹೆಚ್ಚು ಜಾಗ ಕೊಡುವ ಅಗತ್ಯ ಕಾಣುವುದಿಲ್ಲ. ಅಕ್ಕಿ ಮನೆಯಲ್ಲಿದ್ದರೆ ಕೂಲಿಯವಳು ನಾಳೆಯ ಬೆಳಗಿಗೆ ಹೆದರಿ ಇಂದು ಸಂಜೆ ಯಾವುದೋ ದರಕ್ಕೆ ಒಪ್ಪುವುದಿಲ್ಲ. ಅದಕ್ಕೆ ಚೌಕಾಸಿ ಎನ್ನುತ್ತಾರೆ. ಹೊಲದ ಮಾಲೀಕ ತೊಗರಿಗೆ ದರ ಬರುವವರೆಗೆ ಚೀಲ ಕಟ್ಟಿಟ್ಟು ಕಾದರೆ ಯಾರೂ ಅವನನ್ನು ಸೋಮಾರಿ ಎನ್ನುವುದಿಲ್ಲ.

ಕೂಲಿ ಏರಿದ ಮೇಲೆ ಹೊಲ ಏನು ಮಾಡಿತು ಎಂಬುದು ಈ ಕಥೆಯ ಅತ್ಯಂತ ಕುತೂಹಲದ ಭಾಗ. ಹಿಂದಿನ ಜೋಳ, ಹೆಸರು, ಉದ್ದುಗಳ ಜಾಗದಲ್ಲಿ ಮುಂಗಾರಿಗೆ ಸೋಯಾ ಹಬ್ಬಿತು. ಸೋಯಾ ನೂರು ದಿನದ ಬೆಳೆ, ಎಣ್ಣೆ ಗಿರಣಿಗಳು ಕೊಳ್ಳುತ್ತವೆ, ನಡುವೆ ಆಳಿನ ಕೆಲಸ ಕಡಿಮೆ. ಆದರೆ ಕೊಯ್ಲಿಗೆ ಬಂತೆಂದರೆ ಇಡೀ ತಾಲ್ಲೂಕು ಒಂದೇ ಹದಿನೈದು ದಿನಕ್ಕೆ ಬರುತ್ತದೆ. ತಡವಾದರೆ ಕಾಯಿ ಸಿಡಿದು ಕಾಳು ನೆಲಕ್ಕೆ, ಮಳೆ ಬಂದರೆ ಗಿಡದಲ್ಲೇ ಮೊಳಕೆ. ವರ್ಷದ ಹನ್ನೆರಡು ತಿಂಗಳಲ್ಲಿ ಹಂಚಿಹೋಗಿದ್ದ ಆಳಿನ ಬೇಡಿಕೆ ಹೀಗೆ ಜೂನ್ ಬಿತ್ತನೆ, ಅಕ್ಟೋಬರ್ ಕೊಯ್ಲು, ಜನವರಿಯ ತೊಗರಿ ರಾಶಿ ಎಂಬ ಮೂರು ಗುಂಪಾಗಿ ಒತ್ತಿಕೊಂಡಿತು. ಆಳು ಸಿಗುತ್ತಿಲ್ಲ ಎನ್ನುವ ಮಾತು ನಿಜವಾಗುವುದು ಈ ಕೆಲವು ವಾರಗಳಲ್ಲಿ. ಉಳಿದ ದಿನಗಳಲ್ಲಿ ಅದೇ ಊರಿನಲ್ಲಿ ಕೆಲಸವಿಲ್ಲ. ಕೆಲವು ವಾರಗಳ ಒಳ್ಳೆಯ ಕೂಲಿಗಾಗಿ ವರ್ಷವಿಡೀ ಊರಲ್ಲಿ ಕಾದು ಕೂರಬೇಕೆಂದು ಯಾರನ್ನಾದರೂ ಕೇಳುವುದು ನ್ಯಾಯವೆ?

ಕಳೆನಾಶಕ ಬಂದದ್ದು ಸದ್ದಿಲ್ಲದೆ. ಕಳೆ ತೆಗೆಯುವುದು ಈ ಸೀಮೆಯಲ್ಲಿ ಪೂರ್ತಿ ಹೆಂಗಸರ ಕೆಲಸ. ಆಷಾಢ, ಶ್ರಾವಣದ ಮನೆಖರ್ಚು ಅದರಿಂದಲೇ ಸಾಗುತ್ತಿತ್ತು. ಬೆನ್ನಿಗೆ ಪಂಪು ಕಟ್ಟಿಕೊಂಡ ಒಬ್ಬ ಗಂಡಸು ಈಗ ಒಂದು ದಿನದಲ್ಲಿ ಹತ್ತಾರು ಹೆಂಗಸರ ವಾರದ ಕೆಲಸ ಮುಗಿಸುತ್ತಾನೆ. ಕೂಲಿ ಏರಿದ್ದಕ್ಕೆ ಮೊದಲು ಬೆಲೆ ತೆತ್ತವರು ಎಲ್ಲಕ್ಕಿಂತ ಕಡಿಮೆ ಕೂಲಿ ಪಡೆಯುತ್ತಿದ್ದವರು. ಕೊಯ್ಲಿಗೆ ಹಾರ್ವೆಸ್ಟರ್ ಬಂತು, ಬಿತ್ತನೆಗೆ ಟ್ರ್ಯಾಕ್ಟರ್ ಕೂರಿಗೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಆಳಿನ ಅಭಾವವೇ ಯಂತ್ರಗಳನ್ನು ಹುಟ್ಟಿಸಿತು ಎಂಬ ವಾದ ಹಬಕುಕ್ ಎಂಬ ಇತಿಹಾಸಕಾರರದ್ದು. ಯಂತ್ರದ ಕಾರ್ಖಾನೆಗಳು ಅಲ್ಲಿ ಹೊಸ ಕೆಲಸಗಳನ್ನೂ ಹುಟ್ಟಿಸಿದವು. ಇಲ್ಲಿ ಮೊದಲರ್ಧ ಮಾತ್ರ ನಡೆಯಿತು. ಹುಮನಾಬಾದಿನಿಂದ ಸುಮಾರು 50 ಕಿ.ಮೀ. ದೂರದ ಜಹೀರಾಬಾದಿನಲ್ಲಿ ಮಹೀಂದ್ರ ಕಂಪನಿ ಟ್ರ್ಯಾಕ್ಟರ್ ಕಟ್ಟುತ್ತದೆ. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದದ್ದು ಬೀದರ್ ಹೊಲಕ್ಕೆ, ಅದನ್ನು ಜೋಡಿಸುವ ಪಗಾರ ತೆಲಂಗಾಣಕ್ಕೆ.

ಹಾಗಾದರೆ ಹುಮನಾಬಾದಿನ ಕಾರ್ಖಾನೆಗಳು? ಈ ತಾಲ್ಲೂಕಿನ ಮೊದಲ ದೊಡ್ಡ ಉದ್ಯಮ ಹಳ್ಳಿಖೇಡ (ಬಿ) ಬಳಿಯ ಬೀದರ್ ಸಹಕಾರಿ ಸಕ್ಕರೆ ಕಾರ್ಖಾನೆ. ಸಕ್ಕರೆ ಕಾರ್ಖಾನೆಗೆ ಒಂದು ಗುಣವಿದೆ: ಒಳಗೆ ನೂರಾರು ಜನಕ್ಕೆ ಕೆಲಸ, ಹೊರಗೆ ಕಬ್ಬು ಬೆಳೆಯಲು, ಕಡಿಯಲು, ಸಾಗಿಸಲು ಅದರ ಎಷ್ಟೋ ಪಟ್ಟು ಜನಕ್ಕೆ. ಒಂದು ಪೀಳಿಗೆ ಅಲ್ಲಿಯ ಪಗಾರದಲ್ಲಿ ಮಕ್ಕಳನ್ನು ಓದಿಸಿತು. ಆಮೇಲೆ ಸಾಲ, ರಾಜಕೀಯ, ಕಬ್ಬಿನ ಬಾಕಿ ಎಲ್ಲ ಸೇರಿ ಅದು ಕುಸಿದು ನಿಂತುಹೋಯಿತು. ಜಿಲ್ಲೆಯ ಕೈಗಾರಿಕಾ ನೀತಿ ಎಂದು ಯಾರಾದರೂ ಬರೆಯುವುದಾದರೆ ಹೊಸ ಕಾರ್ಖಾನೆಗಳ ಪಟ್ಟಿಗಿಂತ ಮೊದಲು ಈ ಬಾಗಿಲು ಮುಚ್ಚಿದ ಕಥೆ ಬರೆಯಬೇಕು.

ಹೆದ್ದಾರಿಯ ಪಕ್ಕದ ಕೈಗಾರಿಕಾ ಪ್ರದೇಶದಲ್ಲಿ ಎದ್ದು ಕಾಣುವವು ರಾಸಾಯನಿಕ ಮತ್ತು ಔಷಧ ಘಟಕಗಳು. ಹೈದರಾಬಾದಿನ ಔಷಧ ಉದ್ಯಮ ಬೆಳೆದ ಪಟಾಂಚೆರು ಇದೇ ರಸ್ತೆಯಲ್ಲಿದೆ, ಜಮೀನು ಇಲ್ಲಿ ಅಗ್ಗ. ಈ ಉದ್ಯಮದ ಸ್ವಭಾವವನ್ನು ಬಲ್ಲವರಿಗೆ ಉದ್ಯೋಗದ ಲೆಕ್ಕ ಅಚ್ಚರಿ ತರದು. ಹಾಕುವ ಬಂಡವಾಳ ಹೆಚ್ಚು, ಬೇಕಾದ ಕೈಗಳು ಕಡಿಮೆ. ರಿಯಾಕ್ಟರ್ ನೋಡಿಕೊಳ್ಳಲು ರಸಾಯನಶಾಸ್ತ್ರ ಓದಿದ ಕೆಲವರು, ಡ್ರಮ್ ಉರುಳಿಸಲು, ಬಾಯ್ಲರ್ ಬಳಿ ನಿಲ್ಲಲು ಗುತ್ತಿಗೆಯ ಮಂದಿ. ಗುತ್ತಿಗೆದಾರನಿಗೆ ಪಕ್ಕದ ಹಳ್ಳಿಯವನಿಗಿಂತ ದೂರದವನೇ ಅನುಕೂಲ. ಪಕ್ಕದ ಹಳ್ಳಿಯವನು ಜಾತ್ರೆಗೆ ರಜೆ ಹಾಕುತ್ತಾನೆ, ರಾಶಿಗೆ ಹೋಗುತ್ತಾನೆ, ಪೆಟ್ಟಾದರೆ ಊರವರನ್ನು ಕರೆದುಕೊಂಡು ಗೇಟಿಗೆ ಬರುತ್ತಾನೆ. ಶೆಡ್ಡಿನಲ್ಲೇ ಉಳಿಯುವ ಪರರಾಜ್ಯದವನು ಹನ್ನೆರಡು ತಾಸಿನ ಪಾಳಿ ಮಾಡಿ ಮಲಗುತ್ತಾನೆ. ದೇಶದ ಬಹುತೇಕ ಕೈಗಾರಿಕಾ ಪ್ರದೇಶಗಳಲ್ಲಿ ಇದೇ ಪದ್ಧತಿ. ಸ್ಥಳೀಯರಿಗೆ ಕೆಲಸದ ಶಿಸ್ತಿಲ್ಲ ಎಂದು ಮಾಲೀಕರು ಹೇಳುವಾಗ ಈ ಲೆಕ್ಕವನ್ನೂ ಮುಂದಿಡಬೇಕು.

ಇದಲ್ಲದೆ ಸುತ್ತಲಿನ ಹಳ್ಳಿಗಳಿಂದ ಬಾವಿ ನೀರು ಕೆಟ್ಟಿತು, ರಾತ್ರಿ ವಾಸನೆ ತಡೆಯಲಾಗದು ಎಂಬ ದೂರುಗಳು ವರ್ಷಗಳಿಂದ ಇವೆ. ಬೋರ್‌ವೆಲ್ಲಿನ ನೀರು ಕೆಟ್ಟರೆ ತರಕಾರಿ ಬೆಳೆಯುವವನು ನಿಲ್ಲಿಸುತ್ತಾನೆ, ಅವನ ಹೊಲದ ನಾಲ್ಕು ಆಳಿನ ಕೆಲಸ ಹೋಗುತ್ತದೆ. ಕಾರ್ಖಾನೆ ಕೊಟ್ಟ ಉದ್ಯೋಗಗಳನ್ನು ಎಣಿಸುವ ಇಲಾಖೆ ಈ ಕಳೆಯುವ ಲೆಕ್ಕವನ್ನು ಬರೆದುಕೊಳ್ಳುವುದಿಲ್ಲ.

ರೈಲೂ ಬಂತು. 110 ಕಿ.ಮೀ. ಉದ್ದದ ಬೀದರ್–ಕಲಬುರಗಿ ಮಾರ್ಗ ಹುಮನಾಬಾದ್ ಮೂಲಕ ಹಾಯುತ್ತದೆ. 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು. ರೈಲು ಬಂದರೆ ಉದ್ಯಮ ಬರುತ್ತದೆ ಎಂದು ದಶಕಗಟ್ಟಲೆ ಹೇಳಿಕೊಂಡು ಬಂದದ್ದು. ಹಳಿಯ ಮೇಲೆ ಎರಡೂ ದಿಕ್ಕಿಗೆ ಹೋಗಬಹುದು ಎಂಬುದನ್ನು ಮರೆತಿದ್ದೆವು. ಬಸವಕಲ್ಯಾಣಕ್ಕೆ ಇನ್ನೂ ರೈಲಿಲ್ಲ.

ರೈಲಿಲ್ಲದ ಆ ಬಸವಕಲ್ಯಾಣದಲ್ಲೇ ಈ ಕಥೆಗೆ ಒಪ್ಪದ ಒಂದು ಅಪವಾದ ಇದೆ: ಆಟೋನಗರ. ಸಸ್ತಾಪುರ ಬಂಗ್ಲಾ ಬಳಿ ಹೆದ್ದಾರಿಯಿಂದ ಹೊರಳಿದರೆ ಲಾರಿಗಳದ್ದೇ ಒಂದು ಊರು. ಮಾಲೀಕ ಶೋರೂಮಿನಿಂದ ಬರೀ ಚಾಸಿ ತರುತ್ತಾನೆ. ಇಲ್ಲಿ ಅದಕ್ಕೆ ಕ್ಯಾಬಿನ್ ಏರುತ್ತದೆ, ಮರ ಕಬ್ಬಿಣದ ಬಾಡಿ ಕೂರುತ್ತದೆ. ಒಂದು ಶೆಡ್ಡಿನಲ್ಲಿ ಬಡಗಿ, ಪಕ್ಕದಲ್ಲಿ ವೆಲ್ಡಿಂಗ್, ಆಚೆ ಪೇಂಟಿಂಗ್, ಈಚೆ ವೈರಿಂಗ್, ಸೀಟು ಹೊಲಿಯುವವನು, ಪಾಟಾ ಕೂರಿಸುವವನು, ತಾಡಪತ್ರಿ ಮಾರುವವನು. ಒಂದೇ ಲಾರಿ ಹತ್ತು ಕೈಗಳನ್ನು ದಾಟಿ ರಸ್ತೆಗಿಳಿಯುತ್ತದೆ. ಯಾವ ನೀತಿಯೂ ಇದನ್ನು ನೆಟ್ಟದ್ದಲ್ಲ. ಹೆದ್ದಾರಿ ಇತ್ತು, ಲಾರಿಗಳು ಕೆಟ್ಟು ನಿಲ್ಲುತ್ತಿದ್ದವು, ರಿಪೇರಿ ಕಲಿತವರು ಕಟ್ಟುವುದನ್ನು ಕಲಿತರು.

ಲೂಯಿಸ್ ಹೇಳಿದ ರೀತಿಯಲ್ಲಿ ಹೊಲದ ಕೈಗಳನ್ನು ನಿಜವಾಗಿ ಹೀರಿಕೊಂಡ ಉದ್ಯಮ ಈ ಎರಡು ತಾಲ್ಲೂಕುಗಳಲ್ಲಿ ಇದೊಂದೇ ಎಂದು ನನ್ನ ಎಣಿಕೆ. ಬಂಡವಾಳ ಕಡಿಮೆ, ಕೈ ಹೆಚ್ಚು. ಹತ್ತನೆಯ ತರಗತಿ ದಾಟದ ಹುಡುಗ ಉಸ್ತಾದನ ಕೈಕೆಳಗೆ ಸ್ಪ್ಯಾನರ್ ಎತ್ತಿಕೊಡುತ್ತ ಸೇರಿ, ನಾಲ್ಕಾರು ವರ್ಷದಲ್ಲಿ ಮಿಸ್ತ್ರಿಯಾಗುತ್ತಾನೆ. ಮಿಸ್ತ್ರಿಯಾದ ಮೇಲೆ ಅವನ ಕೂಲಿ ಊರಿನ ಹೊಲದ ದರಕ್ಕೆ ಕಟ್ಟುಬಿದ್ದಿಲ್ಲ. ಬಾಡಿಗೆ ಇಷ್ಟು ಎಂದು ಗುತ್ತಿಗೆ ಮಾತಾಡುತ್ತಾನೆ, ಹೊಂದದಿದ್ದರೆ ಹೈದರಾಬಾದಿಗೋ ಗಲ್ಫಿಗೋ ಅದೇ ಕಸುಬು ಹಿಡಿದು ಹೋಗುತ್ತಾನೆ. ಜಾತಿ, ಧರ್ಮದ ಬೇಲಿಗಳು ಇಲ್ಲಿ ಪೂರ್ತಿ ಇಲ್ಲ ಎನ್ನಲಾರೆ. ಆದರೂ ಹೊಲದಲ್ಲಿದ್ದಷ್ಟು ಎತ್ತರದವಲ್ಲ.

ಇದೇ ಆಟೋನಗರ ಸರ್ಕಾರದ ಕಣ್ಣಿಗೆ ಬೀಳುವುದು ಕಷ್ಟ. ಬಹುತೇಕ ಶೆಡ್ಡುಗಳಲ್ಲಿ ನಾಲ್ಕೈದು ಜನ. ವಿದ್ಯುತ್ ಬಳಸುವ ಕಡೆ ಹತ್ತು ಮಂದಿ ಇದ್ದರೆ ಮಾತ್ರ ಹಳೆಯ ಕಾರ್ಖಾನೆ ಕಾಯ್ದೆ ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಆ ಮಿತಿಯನ್ನು ಇಪ್ಪತ್ತಕ್ಕೆ ಏರಿಸಿದೆ. ಶೆಡ್ಡುಗಳು ಇಷ್ಟು ಸಣ್ಣವಾದ್ದರಿಂದ ವೆಲ್ಡಿಂಗ್ ಕಿಡಿ ಕಣ್ಣಿಗೆ ಬಿದ್ದವನಿಗೆ ಇಎಸ್‌ಐ ಇಲ್ಲ, ಮೂವತ್ತು ವರ್ಷ ಮರ ಕೊರೆದವನಿಗೆ ಪಿಎಫ್ ಇಲ್ಲ. ಕಲಿಯುವ ಹುಡುಗರ ವಯಸ್ಸನ್ನು ಕೇಳುವವರೂ ವಿರಳ. ಒಂದೆರಡು ವಿನಾಯಿತಿ ಬಿಟ್ಟರೆ ಹದಿನಾಲ್ಕರ ಕೆಳಗಿನವರು ಯಾವ ಕೆಲಸಕ್ಕೂ ಇರಕೂಡದು ಎಂದು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಹೇಳುತ್ತದೆ.

ಈಗ ಆಟೋನಗರದ ಬೇರಿಗೇ ಪೆಟ್ಟು ಬೀಳುವ ಸೂಚನೆಗಳಿವೆ. ಕಂಪನಿಗಳೇ ಪೂರ್ತಿ ಕಟ್ಟಿದ ಲಾರಿಗಳನ್ನು ಮಾರುತ್ತಿವೆ. ಬಾಡಿ ಹೇಗಿರಬೇಕೆಂಬ ನಿಯಮಾವಳಿ ಬಿಗಿಯಾಗಿದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳಿಗೆ ಹವಾನಿಯಂತ್ರಿತ ಕ್ಯಾಬಿನ್ ಕಡ್ಡಾಯ. ಚಾಲಕನಿಗೆ ಇದು ಒಳ್ಳೆಯದು, ಬೇಸಿಗೆಯಲ್ಲಿ ಕಲಬುರಗಿ ರಸ್ತೆಯಲ್ಲಿ ಲಾರಿ ಓಡಿಸಿದವರು ಯಾರೂ ಬೇಡ ಎನ್ನಲಾರರು. ಆದರೆ ಸುತ್ತಿಗೆ, ಕೊರೆಯುವ ಯಂತ್ರ ಹಿಡಿದ ಶೆಡ್ಡು ಆ ಕ್ಯಾಬಿನ್ ಮಾಡಿ ಪ್ರಮಾಣಪತ್ರ ಪಡೆಯುವುದು ಹೇಗೆ? ಒಟ್ಟಾಗಿ ಬಳಸುವ ಪರೀಕ್ಷಾ ಕೇಂದ್ರ, ವಿನ್ಯಾಸ ಮಾಡಿಕೊಡುವ ಒಬ್ಬ ಎಂಜಿನಿಯರ್, ಕಡಿಮೆ ಬಡ್ಡಿಯ ಸಾಲ: ಹೊಸ ಕೈಗಾರಿಕಾ ಪ್ರದೇಶದ ಜಮೀನಿಗೆ ಸುರಿಯುವ ಹಣದ ಚೂರಿನಲ್ಲಿ ಆಗುವ ಕೆಲಸಗಳು ಇವು.

ಆಟೋನಗರದಲ್ಲಿ ಹೆಂಗಸರಿಲ್ಲ. ಹುಮನಾಬಾದಿನ ರಿಯಾಕ್ಟರುಗಳ ಬಳಿಯೂ ಅವರು ಅಪರೂಪ. ಕೊರಿಯಾದಲ್ಲಿ, ಚೀನಾದಲ್ಲಿ, ಬಾಂಗ್ಲಾದೇಶದಲ್ಲಿ ಹಳ್ಳಿ ಬಿಟ್ಟು ಮೊದಲು ಕಾರ್ಖಾನೆಗೆ ನಡೆದವರು ಹುಡುಗಿಯರು. ಬಟ್ಟೆ ಹೊಲಿಯುವ ಸಾಲುಗಳೇ ಅಲ್ಲಿ ಕೂಲಿಯನ್ನೂ ಮದುವೆಯ ವಯಸ್ಸನ್ನೂ ಏರಿಸಿದವು. ಕರ್ನಾಟಕದಲ್ಲಿ ಸಿದ್ಧ ಉಡುಪು ಬೆಂಗಳೂರಿನ ಸುತ್ತ, ರಾಮನಗರ, ಮಂಡ್ಯ, ಹಾಸನಗಳವರೆಗೆ ಹರಡಿತು, ಬೀದರಿನವರೆಗೆ ಬರಲಿಲ್ಲ. 2023ರ ಮಾರ್ಚ್‌ನಲ್ಲಿ ಕಲಬುರಗಿಗೆ ಪಿಎಂ ಮಿತ್ರ ಜವಳಿ ಪಾರ್ಕ್ ಘೋಷಣೆಯಾಯಿತು. ಅದು ಎದ್ದು ನಿಂತು, ಹುಮನಾಬಾದಿನ ರೈಲಿನಲ್ಲಿ ಹುಡುಗಿಯರು ಪಾಳಿಗೆ ಹೋಗಿ ಬರುವಂತಾದರೆ ಈ ಲೇಖನದ ಅರ್ಧ ವಾದ ಸುಳ್ಳಾಗುತ್ತದೆ, ಆಗಲಿ.

ಸದ್ಯಕ್ಕೆ ಅಂಕಿ ಹೇಳುವುದು ಇದು: ದೇಶದ ಹಳ್ಳಿಗಳಲ್ಲಿ ದುಡಿಯುವ ಅಥವಾ ದುಡಿಯಲು ಸಿದ್ಧರಿರುವ ಹೆಂಗಸರ ಪ್ರಮಾಣ 2017–18ರಲ್ಲಿ ನೂರಕ್ಕೆ 24.6 ಇದ್ದದ್ದು 2023–24ರಲ್ಲಿ 47.6 ಆಗಿದೆ. ಬಹುಪಾಲು ಏರಿಕೆ ಸ್ವಂತ ಹೊಲ, ಸ್ವಂತ ಎಮ್ಮೆ, ಮನೆಯವರಿಗೆ ನೆರವು ಎಂಬ ಖಾತೆಯಲ್ಲಿ. ಪಗಾರದ ಖಾತೆಯಲ್ಲಿ ಅಲ್ಲ. ಗಂಡಸು ಪುಣೆಗೆ ಹೋದ, ಹೊಲ ಹೆಂಗಸಿನ ಪಾಲಿಗೆ ಬಿತ್ತು. ಸೇನ್ ಹೇಳಿದ ಹಂಚಿಕೆ ನಡೆದದ್ದು ಹೀಗೆ. ದೇಶದ ಒಟ್ಟು ದುಡಿಯುವವರಲ್ಲಿ ಬೇಸಾಯದಲ್ಲಿರುವವರ ಪಾಲು 2018–19ರಲ್ಲಿ ನೂರಕ್ಕೆ 42.5ಕ್ಕೆ ಇಳಿದಿತ್ತು, ಕೋವಿಡ್ ನಂತರ ಏರಿ 2023–24ರಲ್ಲಿ 46.1 ಆಗಿದೆ. ತಯಾರಿಕೆಯ ಪಾಲು ನೂರಕ್ಕೆ 11ರ ಆಸುಪಾಸು. ಯಾವ ಪಠ್ಯದಲ್ಲೂ ಅಭಿವೃದ್ಧಿಯ ಬಾಣ ಈ ದಿಕ್ಕಿಗೆ ತಿರುಗುವುದಿಲ್ಲ. 2020ರ ಬೇಸಿಗೆಯಲ್ಲಿ ಮುಂಬೈ, ಪುಣೆಗಳಿಂದ ಬೀದರಿಗೆ ಮರಳಿದವರನ್ನು ಕಂಡವರಿಗೆ ಕಾರಣ ವಿವರಿಸಬೇಕಿಲ್ಲ. ಕಾರ್ಖಾನೆ ಮುಚ್ಚಿದರೆ ಹೊಲವೇ ವಿಮೆ. 2023ರ ಜೂನ್ 11ರಿಂದ ಬಂದ ಶಕ್ತಿ ಯೋಜನೆ ಮಾತ್ರ ಸಣ್ಣ ಬದಲಾವಣೆ ತಂದಿದೆ: ಬಸ್ಸಿನ ಖರ್ಚಿಲ್ಲದೆ ಹಳ್ಳಿಯ ಹೆಂಗಸು ತಾಲ್ಲೂಕು ಕೇಂದ್ರದ ಅಂಗಡಿ, ಆಸ್ಪತ್ರೆ, ಹೋಟೆಲುಗಳ ಕೆಲಸಕ್ಕೆ ಹೋಗಿಬರಬಹುದು. ಹತ್ತಿರದಲ್ಲಿ ಕೆಲಸವಿದ್ದರೆ.

ಕಾಯ್ದೆಗಳ ಕಡೆಯಿಂದ ಈ ಭಾಗಕ್ಕೆ ದೊರೆತ ದೊಡ್ಡದು ಸಂವಿಧಾನದ 371(ಜೆ) ವಿಧಿ. 2012ರ ತಿದ್ದುಪಡಿಯಿಂದ ಶಿಕ್ಷಣದಲ್ಲೂ ಸರ್ಕಾರಿ ನೌಕರಿಯಲ್ಲೂ ಇಲ್ಲಿಯವರಿಗೆ ಮೀಸಲು ಸಿಕ್ಕಿತು. ಅದಕ್ಕೂ ಹತ್ತು ವರ್ಷ ಹಿಂದೆ ನಂಜುಂಡಪ್ಪ ಸಮಿತಿ 175 ತಾಲ್ಲೂಕುಗಳಲ್ಲಿ 39 ಅತ್ಯಂತ ಹಿಂದುಳಿದವು, ಅವುಗಳಲ್ಲಿ 21 ಕಲಬುರಗಿ ವಿಭಾಗದವು ಎಂದು ಹೇಳಿತ್ತು; ಎಂಟು ವರ್ಷಗಳಲ್ಲಿ 31 ಸಾವಿರ ಕೋಟಿ ರೂಪಾಯಿ ಕೇಳಿತ್ತು. ಮೀಸಲಿನಿಂದ ಅನೇಕ ಮನೆಗಳಲ್ಲಿ ಮೊದಲ ಶಿಕ್ಷಕಿ, ಮೊದಲ ಎಂಜಿನಿಯರ್ ಹುಟ್ಟಿದರು, ಅದು ಸಣ್ಣ ಮಾತಲ್ಲ. ಜೊತೆಗೆ ಒಂದು ಕಾಯುವ ಪೀಳಿಗೆಯೂ ಹುಟ್ಟಿತು. ನೇಮಕಾತಿ ಅಧಿಸೂಚನೆಗಾಗಿ ಕಲಬುರಗಿ, ಧಾರವಾಡಗಳ ಕೋಚಿಂಗ್ ಕೋಣೆಗಳಲ್ಲಿ ಇಪ್ಪತ್ತರ ಹರೆಯ ಕಳೆಯುವ ಹುಡುಗ ಅಂಕಿಅಂಶದಲ್ಲಿ ನಿರುದ್ಯೋಗಿ. ಅವನಿಗೆ ಕೆಲಸ ಇಲ್ಲವೆಂದಲ್ಲ, ಸಿಗುವ ಕೆಲಸಕ್ಕೂ ಕಾಯುವ ಕೆಲಸಕ್ಕೂ ಪಗಾರದಲ್ಲಿ, ಮರ್ಯಾದೆಯಲ್ಲಿ ಇರುವ ಅಂತರ ಅಷ್ಟು ದೊಡ್ಡದು. ಹ್ಯಾರಿಸ್, ಟೊಡಾರೊ ಎಂಬಿಬ್ಬರು ಅರ್ಥಶಾಸ್ತ್ರಜ್ಞರು 1970ರಲ್ಲಿ ಆಫ್ರಿಕಾದ ನಗರಗಳನ್ನು ನೋಡಿ ಹೇಳಿದ್ದು ಇದನ್ನೇ. ಒಳ್ಳೆಯ ಪಗಾರದ ಆಸೆ ಇದ್ದಷ್ಟು ದಿನ ನಿರುದ್ಯೋಗವೂ ಒಂದು ಲೆಕ್ಕಾಚಾರ.

ಖಾಸಗಿ ಕಾರ್ಖಾನೆಗಳಲ್ಲೂ ಸ್ಥಳೀಯರಿಗೆ ಮೀಸಲು ತರುವ ಮಸೂದೆಯನ್ನು 2024ರ ಜುಲೈನಲ್ಲಿ ಕರ್ನಾಟಕ ಸಂಪುಟ ಒಪ್ಪಿತು, ಉದ್ಯಮಿಗಳ ಗದ್ದಲಕ್ಕೆ ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಅದು ಬಂದಿದ್ದರೂ ಹುಮನಾಬಾದಿನ ಗೇಟಿನಲ್ಲಿ ಗುತ್ತಿಗೆದಾರನ ಲೆಕ್ಕ ಬದಲಾಗುತ್ತಿತ್ತೇ ಎಂಬುದು ಸಂಶಯ. ಅದೇ ವರ್ಷದ ಆಗಸ್ಟಿನಲ್ಲಿ ಕೇಂದ್ರ ಒಪ್ಪಿದ ಹನ್ನೆರಡು ಕೈಗಾರಿಕಾ ನಗರಗಳಲ್ಲಿ ಜಹೀರಾಬಾದ್ ಒಂದು. ಗಡಿಯಾಚೆ ಅದು ಬೆಳೆದರೆ ಇಲ್ಲಿಯ ಕೂಲಿ ಇನ್ನೊಮ್ಮೆ ಏರುತ್ತದೆ, ಇಲ್ಲಿ ಒಂದೂ ಚಿಮಣಿ ಏಳದೆ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಉದ್ಯೋಗ ಖಾತರಿ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ತಂದಿತು. ದಿನಗಳು 100ರಿಂದ 125ಕ್ಕೆ ಏರಿವೆ, ಖರ್ಚಿನಲ್ಲಿ ರಾಜ್ಯದ ಪಾಲು ನೂರಕ್ಕೆ ನಲವತ್ತಾಗಿದೆ. ಅದರಲ್ಲಿ ಬಿತ್ತನೆ, ಕೊಯ್ಲುಗಳ ಕಾಲಕ್ಕೆ ಒಟ್ಟು 60 ದಿನ ಕೆಲಸ ಕೊಡಬಾರದೆಂಬ ಅಂಶವೂ ಇದೆ; ಯಾವ ದಿನಗಳು ಎಂಬುದನ್ನು ರಾಜ್ಯ ಸರ್ಕಾರ ಮೊದಲೇ ಪ್ರಕಟಿಸಬೇಕು. ಆಳು ಸಿಗದ ದೂರಿಗೆ ಸಿಕ್ಕ ನೇರ ಉತ್ತರ ಇದು. ಹುಮನಾಬಾದ್ ಸೀಮೆಯಲ್ಲಿ ಜೂನ್, ಅಕ್ಟೋಬರ್, ಜನವರಿ ಸೇರಿದರೆ ಆ ಅರವತ್ತು ದಿನ ತುಂಬುತ್ತದೆ. ಕೂಲಿಯವಳು ವರ್ಷದಲ್ಲಿ ದರ ಕೇಳಿ ಪಡೆಯಬಲ್ಲ ದಿನಗಳೂ ಇವೇ. ದಿನಗಳ ಪಟ್ಟಿ ತಯಾರಿಸುವಾಗ ಹೊಲದವರನ್ನು ಕೇಳುವುದು ಖಂಡಿತ. ಕಳೆನಾಶಕಕ್ಕೆ ಕೆಲಸ ಕಳೆದುಕೊಂಡ ಹೆಂಗಸರನ್ನೂ ಗ್ರಾಮಸಭೆಗೆ ಕರೆದು ಕೇಳುತ್ತಾರೆಯೇ ಎಂಬುದು ಮೊದಲ ಪಟ್ಟಿ ಹೊರಬಿದ್ದಾಗ ಗೊತ್ತಾಗುತ್ತದೆ.